ಯಾದಿಯೊಳಗಿನ ಡಾಕ್ಟರು

ಪಗಾರ ಚೀಟಿಯೊಳಗ ಒಂದು ಸಣ್ಣ ಗೆರಿ,
ಇ.ಎಸ್.ಐ., ನೂರಕ್ಕ ಮುಕ್ಕಾಲು ರೂಪಾಯಿ.
ನಾಕು ವರ್ಷದಿಂದ ತಿಂಗಳಾ ತಿಂಗಳಾ
ಇಲಿ ಕಡದಂಗ ಕಡಕೋತ ಬಂದೈತಿ.
ಯಾತಕ್ಕಂತ ನಾ ಕೇಳಿದ್ದಿಲ್ಲ
ಕೆಮ್ಮು ಬರೂತನಕ.

ಬ್ಯಾಡಗಿಯೊಳಗ ಕೆಮ್ಮು ಯಾರಿಗಿಲ್ಲ?
ಪ್ಯಾಟಿ ಕೂಡಿದ ದಿನ
ಟೇಶನ್ನಿಗೆ ಬಂದ ರೈಲು ಸುದ್ದಾ ಸೀನತೈತಿ.
ಪುಡಿ ಫ್ಯಾಕ್ಟರಿಯೊಳಗ ನಾವು ಹದಿನೆಂಟು ಹೆಂಗಸರು,
ಮುಸುಕಿನ ಮ್ಯಾಲೊಂದು ಮುಸುಕು ಕಟ್ಟಿ
ಡಬ್ಬಿ ಒಂದ್ಕಡೆ, ಕಡ್ಡಿ ಒಂದ್ಕಡೆ ಆರಸೋರು.
ಆದರ ಈ ಕೆಮ್ಮು ಮೆಣಸಿನಕಾಯಿದಲ್ಲ.
ಐತವಾರ ರಜಾ ಇದ್ದರೂ ಬರತೈತಿ,
ರಾತ್ರಿ ಎರಡಕ್ಕ ಎಬ್ಬಿಸಿ ಕುಂದ್ರಸತೈತಿ,
ಒಲಿ ಮುಂದಿನ ಬೆಕ್ಕಿನಂಗ
ಎದಿಯೊಳಗ ಗುರುಗುರು ಅಂತೈತಿ.

"ಕಾರ್ಡ್ ಐತೆಲ್ಲ ನಿನ್ನ ಹಂತ್ಯಾಕ,
ತೋರಿಸು," ಅಂದ್ಲು ಗುತ್ಯವ್ವ.
ತೋರಿಸಿದೆ.
ಬಸ್ ಸ್ಟ್ಯಾಂಡ್ ಡಾಕ್ಟರು ಹಿಂದ ಮುಂದ ಹೊಳ್ಳಿಸಿ
ಯಾರದೋ ಮದಿವಿ ಕಾಗದ ನೋಡಿದಂಗ ನೋಡಿದರು.
"ಇದು ಇಲ್ಲಿ ನಡಿಯೂದಿಲ್ಲ. ಫೀಜು ಇನ್ನೂರು."
ದೊಡ್ಡ ದವಾಖಾನಿ ಕೌಂಟರಿನ ಹುಡುಗ:
"ಅಡ್ಮಿಟ್ ಆದರ ನೋಡೂಣು."
ನಿಂತಾಕಿಗೆ ಇಲ್ಲ, ಮಲಗಿದಾಕಿಗೆ ಐತಿ.
ಹುಬ್ಬಳ್ಳಿಗೆ ಹೋದರ ಎಲ್ಲಾ ಪುಕ್ಕಟ ಅಂದರು.
ಹೋಗಿ ಬರೂ ದಿನದ ಪಗಾರ
ಯಾವ ಕಾರ್ಡಿನ್ಯಾಗ ಬರತೈತಿ?

ಕಡೀಕ ಆಫೀಸಿನ ಮಲಕಾಜಿ
ಡ್ರಾವರಿನ ತಳದಾಗಿಂದ ಒಂದು ಯಾದಿ ತಗದ.
ಮ್ಯಾಲೆ ಚಹಾ ಬಸಿಯ ಉಂಗುರ.
ಇಡೀ ಊರಿಗೆ ಒಂದಽ ಹೆಸರು,
ಉಂಗುರದ ನಟ್ಟ ನಡಕ:
ಡಾ. ಸಿ. ವಿ. ಸಕ್ರಿ, ಹಳೇ ಚಾವಡಿ ಹಿಂದ.

ಹೋದೆ. ಬೋರ್ಡು ಇತ್ತು, ಬಾಕು ಇತ್ತು,
ಬಾಕಿನ ಮ್ಯಾಲೆ ಜ್ವರದ ಕೂಸು, ಅದರವ್ವ,
ಕಾಲಿಗೆ ಅರಿಬಿ ಸುತ್ತಿದ ಒಬ್ಬ ಮುದುಕ.
ಗ್ವಾಡಿಗೆ ಡಾಕ್ಟರ ಫೋಟೊ.
ಫೋಟೊಕ್ಕ ಮಾಲಿ.

ಯಾದಿಯೊಳಗ ಇನ್ನೂ ಜೀವಂತ ಇದ್ದರು.

ಮಗಳು ಹೊರಗ ಬಂದರು, ಮಂದಾಕಿನಿ ಅಕ್ಕಾರು.
ಕಾರ್ಡು ಕೈಯಾಗ ಹಿಡದು
ಅದಕ್ಕ ಕ್ಷಮಾ ಕೇಳಿದಂಗ ಮಾತಾಡಿದರು:
"ಅಪ್ಪಾರ ನಂಬರಿಗೆ ಬರತಿತ್ತಿದು. ನಾನೂ ಬರದ ಹಾಕೀನಿ,
ಎಂಟು ತಿಂಗಳಾತು. ಮಂಜೂರಿ ಕಾಗದ ಬಂದಿಲ್ಲ."
ನಾ ಎದ್ದೆ.
ಏಳೂದು ರೂಢಿ ಆಗಿತ್ತು ನನಗ.
ಸೆರಗು ಸಾವರಸೂದ್ರಾಗ ಹಿಡೀತು ನೋಡು,
ಬಾಕು ನಡಗೂವಂಗ, ಕೂಸು ಅಳೂದು ಬಿಟ್ಟು ನೋಡೂವಂಗ.

"ಕಾರ್ಡು ನಡಿಯೂದಿಲ್ಲ," ಅಂದರು.
"ಕೆಮ್ಮು ನಡೀತೈತಿ. ಒಳಗ ಬಾ."

ಬೆನ್ನ ಮ್ಯಾಲೆ ತಣ್ಣನ ಬಿಲ್ಲಿ.
ಉಸರು ತಗೊ. ಬಿಡು. ಇನ್ನೊಮ್ಮೆ. ಈಗ ಈ ಕಡೆ.
ಬಾಗಲಿಗೆ ಕಿವಿ ಹಚ್ಚಿ
ಒಳಗ ಯಾರರ ಅದಾರೇನು ಅಂತ ಕೇಳಿದಂಗ.
ಕಫ ಪರೀಕ್ಷಾಕ್ಕ ಸರಕಾರಿ ದವಾಖಾನಿಗೆ ಚೀಟಿ ಬರದರು.
ಐವತ್ತು ರೂಪಾಯಿ ತಗೊಂಡರು,
ಸುಳ್ಳ್ಯಾಕ ಹೇಳಲಿ, ತಗೊಂಡರು,
"ಕಾಗದ ಬಂದ ದಿನ ಹೊಳ್ಳಿ ಇಸಕೊಂಡು ಹೋಗು," ಅಂದು
ಕೆಂಪು ಬಟ್ಟಿಯ ಹಳೇ ರಿಜಿಸ್ಟರ್ ಬಿಚ್ಚಿದರು.
ಅಪ್ಪನ ಅಕ್ಷರ ಒಂದು ಪುಟದ ಅರ್ಧಕ್ಕ ನಿಂತಿತ್ತು.
ಉಳಿದರ್ಧ ಖಾಲಿ ಬಿಟ್ಟು
ಮುಂದಿನ ಪುಟದಿಂದ ಮಗಳದು.

"ಹೆಸರು?"
"ಚಮನಬಿ."
"ಕಾರ್ಡಿನ್ಯಾಗ ಚಮನಾಬಾಯಿ ಐತೆಲ್ಲ?"
"ಅದು ಕಂಪ್ಯೂಟರ್ ಇಟ್ಟ ಹೆಸರು, ಅಕ್ಕಾರ.
ನಮ್ಮವ್ವ ಇಟ್ಟದ್ದು ಇದು."
ನಕ್ಕರು. ನಮ್ಮವ್ವ ಇಟ್ಟದ್ದನ್ನಽ ಬರದರು.
"ಮನ್ಯಾಗ?"
"ಅತ್ತಿ. ಗಂಡ, ಪ್ಯಾಟ್ಯಾಗ ಹಮಾಲಿ.
ಮಗಳು ಮುಬೀನಾ, ಏಳು ವರ್ಷ."
ಒಬ್ಬೊಬ್ಬರಿಗೆ ಒಂದೊಂದು ಸಾಲು ಬಿಟ್ಟು ಬರದರು,
ಬರದು, ಪೆನ್ನು ಎತ್ತಲಾರದ, ತಲಿ ಎತ್ತಲಾರದ ಕೇಳಿದರು:
"ಇವರೊಳಗ ರಾತ್ರಿ ಯಾರು ಕೆಮ್ಮತಾರ?"

ಚೀಲ ಹೆಗಲಿಗೆ ಹಾಕ್ಕೊಂಡು ನಿಂತಾಕಿ
ಮತ್ತ ಕುಂತೆ.