ಹಾರನ್ ಇಲ್ಲ

ಮೂವತ್ತೊಂದು ವರ್ಷ ನನ್ನ ಕೈಗಿದ್ದದ್ದು
ಎದೆಯಗಲದ ಸ್ಟೇರಿಂಗ್,
ಹಾಸನದಿಂದ ಸಕಲೇಶಪುರ, ಮತ್ತೆ ಹಾಸನ.

ನಿವೃತ್ತಿಯ ದಿನ ಡಿಪೋದವರು
ಶಾಲು ಹೊದಿಸಲಿಲ್ಲ.
ಮೆಕ್ಯಾನಿಕ್ ಲಾರೆನ್ಸ್ ಬಿಡಿಭಾಗ ತರಿಸಿ
ರಾತ್ರಿಪಾಳಿಯಲ್ಲಿ ಜೋಡಿಸಿದ ಕೆಂಪು ಕಾರು,
ಮೊಳದುದ್ದ, ಹಣೆಯ ಮೇಲೆ ನನ್ನ ರೂಟ್ ನಂಬರು.
"ಚಂದಾ ದುಡ್ಡು ಇಲ್ಲಿಗೆ ಮುಗೀತು ಅಣ್ಣ,
ರಿಮೋಟು ನೀವೇ ತಗೊಳ್ಳಿ."

ಬಿ.ಎಂ. ರಸ್ತೆ, ಮಹಡಿ ಮೇಲೆ ಇಂತಿಯಾಜನ ಅಂಗಡಿ.
ಗಾಜಿನ ಮೇಲಿಟ್ಟ:
ಪಿಸ್ತೂಲಿನ ಹಿಡಿಕೆ, ಪಕ್ಕದಲ್ಲಿ
ಸ್ಪಂಜು ಸುತ್ತಿದ, ಬಿಸ್ಕತ್ತಿನಷ್ಟು ಅಗಲದ ಚಕ್ರ.
"ತೋರುಬೆರಳಲ್ಲಿ ಎಳೆದರೆ ಓಟ,
ಮುಂದಕ್ಕೆ ತಳ್ಳಿದರೆ ಬ್ರೇಕ್."
ಕೌಂಟರಿನ ಕೆಳಗೆ ನನ್ನ ಬಲಗಾಲು
ತನ್ನಷ್ಟಕ್ಕೆ ತಾನೇ ನೆಲ ಒತ್ತಿತು.

ಇನ್ನೊಂದು ಎರಡು ಕಡ್ಡಿಯದು.
ಹೆಬ್ಬೆರಳುಗಳ ಸಂಸಾರ:
ಒಂದು ಹೋಗು ಎನ್ನುತ್ತದೆ, ಒಂದು ತಿರುಗು ಎನ್ನುತ್ತದೆ.
ಹಿಡಿದು ನಿಂತರೆ
ಪಾತ್ರೆ ಎಲ್ಲಿ ಇಳಿಸಲಿ ಅಂತ ಕೇಳುವವನ ಹಾಗೆ ಕಂಡೆ.
"ವಿಮಾನ ಹಾರಿಸೋರಿಗೆ ಇದೇ ಇಷ್ಟ."
ನಾನು ನೆಲ ಬಿಟ್ಟವನಲ್ಲ ಮಾರಾಯ, ಚಕ್ರದ್ದೇ ಕೊಡು.

ಅಗ್ಗದ್ದೂ ಒಂದಿತ್ತು, ಹಳೆಯದು,
ಮೀನುಗಾಳದಷ್ಟು ಉದ್ದ ಏರಿಯಲ್ಲು,
ಬೆನ್ನಲ್ಲಿ ಹಳದಿ ಬಣ್ಣದ ಹರಳು.
"ಮೈದಾನಕ್ಕೆ ಇನ್ನೊಬ್ಬ ಹಳದಿ ತಂದರೆ
ನಿಮ್ಮ ಕಾರು ಅವನ ಮಾತು ಕೇಳುತ್ತೆ."
ಗೊತ್ತು, ಗೊತ್ತು.
ಪಕ್ಕದ ಬಸ್ಸಿನ ವಿಷಲ್ಲಿಗೆ ನಾನೊಮ್ಮೆ ಹೊರಟದ್ದು,
ಕಂಡಕ್ಟರ್ ಬೋರಲಿಂಗ ಸ್ಟ್ಯಾಂಡಿನಲ್ಲೇ
ಅರ್ಧ ಲೋಟ ಟೀ ಹಿಡಿದು ಉಳಿದದ್ದು,
ಆಲೂರು ತಿರುವಿನಲ್ಲಿ ಯಾರೋ "ಟಿಕೆಟ್ಟು?" ಅಂದದ್ದು.

ಹೊಸದಕ್ಕೆ ಆ ಭಯವಿಲ್ಲ.
ಕಾರಿಗೂ ಇದಕ್ಕೂ ಒಮ್ಮೆ ಗಂಟು ಹಾಕಿದರೆ
ಊರೆಲ್ಲ ಕೂಗಿದರೂ ಅದು ಕಿವುಡು.
ರೇಂಜ್ ಮುನ್ನೂರು ಮೀಟರ್ ಅಂದ.
ಸಾಲಗಾಮೆ ರಸ್ತೆಯ ಬಿಳಿ ತಟ್ಟೆಗಳು
ಆಕಾಶದಲ್ಲಿರೋದನ್ನೇ ತಿರುಗಿಸ್ತವಂತೆ,
ನಮಗೆ ಮಂಡಿಯ ಗೋಡೆ ತನಕ ಸಾಕು.

ಆಮೇಲೆ ದನಿ ತಗ್ಗಿಸಿ ಕೇಳಿದ:
"ನಿಮ್ಮ ಮಾತು ಅದಕ್ಕೆ ತಲುಪದೇ ಹೋದಾಗ
ಏನು ಮಾಡಬೇಕು ಅಂತ ಈಗಲೇ ಹೇಳಿಕೊಡಬೇಕು.
ಓಡ್ತಾ ಇರಬೇಕೋ, ತೇಲಿಕೊಂಡು ಹೋಗಬೇಕೋ, ನಿಲ್ಲಬೇಕೋ."
ನಿಲ್ಲಬೇಕು.
ಸ್ಪೆಷಲ್ ಡ್ಯೂಟಿಯಲ್ಲಿ ಘಟ್ಟ ಇಳಿಯುವಾಗ
ದೋಣಿಗಲ್ಲಿನ ಮಂಜು ಬಾನೆಟ್ಟನ್ನೇ ನುಂಗಿದ ದಿನ
ನಾನು ಮಾಡಿದ್ದೂ ಅಷ್ಟೇ.
ಹಿಂದಿನ ಸೀಟಿನವರು ಬೈದರು.
ನಿಂತೇ ಇದ್ದೆ.

"ಮೂರನೇ ಚಾನೆಲ್ಲು ಯಾತಕ್ಕೆ?"
"ಲೈಟಿಗೆ."
"ಹಾರನ್?"
"ಹಾರನ್ ಇಲ್ಲ ಅಣ್ಣ."
ನಾಲ್ಕು ಸಾವಿರದ ಮುನ್ನೂರು ಎಣಿಸಿ ಕೊಟ್ಟೆ,
ಬ್ಯಾಟರಿ ಸೆಲ್ಲು ಬೇರೆ.

ಭಾನುವಾರ ಆಲೂಗೆಡ್ಡೆ ಮಂಡಿ ಖಾಲಿ.
ಮೂಟೆಗಳೇ ತಿರುವು, ಚೆಲ್ಲಿದ ಕೆಮ್ಮಣ್ಣೇ ಹೆದ್ದಾರಿ.
ಹೋಗುವಾಗ ಚೆನ್ನಾಗಿಯೇ ಹೋಯಿತು.
ತಿರುಗಿ ಬರುವಾಗ
ಎಡ ಅಂದರೆ ಬಲಕ್ಕೆ, ಬಲ ಅಂದರೆ ಎಡಕ್ಕೆ,
ಮೂಟೆಗೆ ಮೂತಿಯಿಟ್ಟು ಗುರ್ ಗುರ್ ಅಂದಿತು.
ಹಳ್ಳ ಬಿದ್ದರೂ ನನ್ನ ಸೊಂಟಕ್ಕೆ ಸುದ್ದಿಯಿಲ್ಲ,
ಇದೆಂಥ ಡ್ರೈವಿಂಗು?

ಇಂತಿಯಾಜನ ಮಗಳು ಸಫೂರಾ, ಒಂಬತ್ತು ವರ್ಷ,
ಕಡಲೇಕಾಯಿ ಸುಲಿಯುತ್ತ ಅಂದಳು:
"ತಾತ, ನೀವು ಹೊರಗೆ ನಿಂತಿದ್ದೀರ.
ಒಳಗೆ ಕೂತ್ಕೊಳಿ."

ಕೂತೆ.
ಮೊಣಕಾಲು ಮಡಚಿ, ಕೊರಳ ಗುಂಡಿ ಹಾಕಿ,
ಕನ್ನಡಿ ಸರಿಮಾಡಿಕೊಂಡು.
ಎಡ ಎಡಕ್ಕೇ ಬಂತು. ಮೂಟೆ ದಾಟಿತು.
ಮುಂದೆ ನೇರ ರಸ್ತೆ,
ನಟ್ಟನಡುವೆ ಯಾರೋ ನರೆತ ಮೀಸೆಯವನು
ಕೈಯಲ್ಲಿ ಏನೋ ಹಿಡಿದು
ಪಕ್ಕಕ್ಕೂ ಸರಿಯದೆ ನನ್ನನ್ನೇ ನೋಡುತ್ತಿದ್ದಾನೆ.

ಹೆಬ್ಬೆರಳು ಹಾರನ್ ಹುಡುಕಿತು.