ಅಂಚಿನಲ್ಲಿ ಪೆನ್ಸಿಲ್

'ಹಠಾತ್ತನೆ' ಎಂಬ ಪದ ಅವನಿಗೆ ಆಗುತ್ತಿರಲಿಲ್ಲ.
ಯಾರ ಲೇಖನದಲ್ಲಿ ಕಂಡರೂ ಮೆಲ್ಲಗೆ ಗೆರೆ ಎಳೆದು
ಅಂಚಿನಲ್ಲಿ ಬರೆಯುತ್ತಿದ್ದ:
ಯಾವ ದಾಳಿಯೂ ಹಠಾತ್ತನೆ ಆಗುವುದಿಲ್ಲ, ಗೆಳೆಯಾ.
ಹಿಂದಿನ ರಾತ್ರಿ ಯಾರೋ ಒಬ್ಬ ಹೊಗೆ ಕಂಡಿರುತ್ತಾನೆ,
ಊರನಾಯಿಗಳು ಸುಮ್ಮನಾದದ್ದು ಕೇಳಿರುತ್ತಾನೆ.
ಅವನನ್ನು ಹುಡುಕು.

ವಿಲ್ಫ್ರೆಡ್ ಗಾರ್ಬಟ್, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ
ಡಾರ್ಲಿಂಗ್ಟನ್ನಿನ ಅಂಚೆ ಕಚೇರಿಯ ಸಾಲಿನಲ್ಲಿ
ಮೂರನೆಯವನಾಗಿ ನಿಂತಿದ್ದವನು
ಹದಿನೇಳು ಲಕೋಟೆಗಳ ಸಮೇತ ಕುಸಿದ.
ಈಗ ನಾನು ಯಾವ ಪದ ಬರೆಯಲಿ?

ಅವನ ತ್ರೈಮಾಸಿಕಕ್ಕೆ ಮುನ್ನೂರ ಹನ್ನೆರಡು ಚಂದಾದಾರರು.
ಐವತ್ತು ಜನ ದುಡ್ಡು ಕೊಟ್ಟಿರಲಿಲ್ಲ,
ಇವನು ಕೇಳಿರಲಿಲ್ಲ.
ಯುದ್ಧವನ್ನೇ ಬದುಕೆಲ್ಲ ಓದಿದವನು
ಪಕ್ಕದ ಮನೆಯ ಬೇಲಿ ಅರ್ಧ ಗಜ ಒಳಗೆ ಬಂದಾಗ
ಅಲ್ಲೊಂದು ಗುಲಾಬಿ ನೆಟ್ಟು ಸುಮ್ಮನಾದ.

ನಾನು ಬಸ್ ಡಿಪೋದಲ್ಲಿ ಟೈರು ಬಿಚ್ಚುವವನು.
ನನ್ನ ಮುತ್ತಾತ ಮೆಸಿಡೋನಿಯಾದ ಬೆಟ್ಟಗಳಲ್ಲಿ
ಹೇಸರಗತ್ತೆಗಳಿಗೆ ಲಾಳ ಹೊಡೆದವನು.
ನನಗೆ ಗೊತ್ತಿದ್ದದ್ದು ಅಷ್ಟೇ.
ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದೆ, ನಾಚಿಕೊಂಡು.
ವಾರದೊಳಗೆ ಬಂತು ಒಂದು ಶೂ ಪೆಟ್ಟಿಗೆ:
ಇಪ್ಪತ್ತು ವರ್ಷ ಅವನು ಕೂಡಿಟ್ಟ ಟಿಪ್ಪಣಿ, ನಕಾಶೆ,
ಮೇವಿನ ಲೆಕ್ಕ, ಕಮರಿಗೆ ಬಿದ್ದ ಪ್ರಾಣಿಗಳ ನಂಬರು.
ಮೇಲೊಂದು ಚೀಟಿ:
'ಇದು ನನಗಿಂತ ನಿನಗೆ ಹೆಚ್ಚು ಸೇರಿದ್ದು.
ವಾಪಸು ಬೇಡ. ಪೆಟ್ಟಿಗೆಯೂ ಬೇಡ.'

ಮಣ್ಣು ಮಾಡಿ ಬಂದ ಸಂಜೆ ಎನಿಡ್
ಹಸಿರು ಕಬ್ಬಿಣದ ಬೀರುವಿನ ಬೀಗ ತೆಗೆದಳು.
'ಅವನದೊಂದು ದೊಡ್ಡ ಪುಸ್ತಕ ಇತ್ತಲ್ಲ, ನೋಡಿ,
ಮೂವತ್ತು ವರ್ಷ ಅದೇ ಮಾತು.'
ಹನ್ನೆರಡು ಫೈಲು. ಹನ್ನೆರಡೂ ತೆಳ್ಳಗೆ.
ಒಳಗೆ ಒಂದೊಂದು ಚೀಟಿ ಮಾತ್ರ:
ಅಧ್ಯಾಯ ನಾಲ್ಕು, ಸೇತುವೆಗಳು. ಮಿಸ್ ಹೆಪ್ಪಲ್‌ಗೆ ಕೊಟ್ಟೆ.
ಅಧ್ಯಾಯ ಏಳು, ಮಲೇರಿಯಾ. ಗೇಟ್ಸ್‌ಹೆಡ್‌ನ ನರ್ಸಿಗೆ.
ಅಧ್ಯಾಯ ಒಂಬತ್ತು, ಲಾಳ. ಬಸ್ ಡಿಪೋದ ಹುಡುಗನಿಗೆ.

ಹುಡುಗನಿಗೆ ಆಗ ಐವತ್ತೆರಡು.
ಎನಿಡ್ ನಕ್ಕಳು, ನಕ್ಕಳು,
ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಆ ಮೆಟ್ಟಿಲು.
ಏಪ್ರಿಲ್‌ನಿಂದ ಅವನು ನಾಲ್ಕನೆಯದರ ಮೇಲೆ ನಿಲ್ಲುತ್ತಿದ್ದ,
ಕಣ್ಣಲ್ಲೇ ಇದ್ದ ಕನ್ನಡಕಕ್ಕೆ ಜೇಬು ತಡಕುತ್ತ.
ನಾಲ್ಕು ಪುಟದ ಪತ್ರ ಎರಡಾಯಿತು,
ಎರಡು ಹೋಗಿ ಬರೀ ಕಾರ್ಡು.
ಹೊಗೆ ಕಂಡವನು ನಾನೇ, ವಿಲ್ಫ್.
ಕಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟವನು.

ಆ ದಿನ ಆಂಬುಲೆನ್ಸ್ ಹೋದ ಮೇಲೆ
ಕೌಂಟರಿನ ಮಿಸೆಸ್ ಸಹೋತಾ ನೆಲದಿಂದ
ಹದಿನೇಳನ್ನೂ ಆರಿಸಿ, ಧೂಳು ಒರೆಸಿ, ತೂಗಿ,
ತನ್ನ ಪರ್ಸಿನ ದುಡ್ಡಿನಿಂದ ಸ್ಟಾಂಪು ಹಚ್ಚಿದಳು.
ಹಾಗಾಗಿ ಗುರುವಾರ ನನ್ನ ಬಾಗಿಲ ಸೀಳಿನಿಂದ
ಅವನ ಅಕ್ಷರ ಬಿತ್ತು.
ನನ್ನ ಲೇಖನದ ಪ್ರೂಫು.
'ಸುಮಾರು ಇನ್ನೂರು ಜನ ಸತ್ತರು' ಎಂದಿದ್ದೆ.
ಪಕ್ಕದಲ್ಲಿ ಪೆನ್ಸಿಲ್:
'ಸುಮಾರು ಎಂಬುವನಿಗೂ ತಾಯಿ ಇದ್ದಳು. ಎಣಿಸು.'

ಎಣಿಸಿದೆ. ನೂರ ತೊಂಬತ್ತಮೂರು.
ಅವನ ಹೆಸರನ್ನು ಎಲ್ಲಿ ಸೇರಿಸಲಿ ತಿಳಿಯದೆ
ಮತ್ತೊಮ್ಮೆ ಎಣಿಸಿದೆ.

ಮೂವತ್ತೊಂದನೇ ಪುಟದ ಕೊನೆಗೆ ಒಂದು ಪ್ರಶ್ನೆ:
'ಅಷ್ಟು ಎತ್ತರದಲ್ಲಿ ಹೇಸರಗತ್ತೆಗಳಿಗೆ ನೀರು ಎಲ್ಲಿಂದ?'
ಅದರ ಕೆಳಗೆ, ಸಣ್ಣದಾಗಿ, ಓರೆಯಾಗಿ:
'ಉಳಿದ ಪುಟ ನಾಳೆ. ಇವತ್ತು ಸ್ವಲ್ಪ ಸುಸ್ತು.'
ಅಲ್ಲಿಂದಾಚೆ ಬರೀ ನನ್ನ ವಾಕ್ಯಗಳು,
ಯಾರೂ ತಡೆದು ಕೇಳದವು.

ನಕಾಶೆ ಹರಡಿಕೊಂಡು ಕೂತಿದ್ದೇನೆ.
ಹಳ್ಳವಿಲ್ಲ. ಬಾವಿಯ ಗುರುತಿಲ್ಲ.
ಮುದ್ರಕ ಎರಡು ಸಲ ಫೋನು ಮಾಡಿದ,
ಸಂಚಿಕೆ ತಡವಾಗುತ್ತಿದೆಯಂತೆ.
ನೀರು ಸಿಕ್ಕಿಲ್ಲ, ತಾಳು, ಎಂದೆ.