ಗರಗಸದ ಹಿಡಿ

ಫೌಜಿನ ಜರ್ರಾಹ ಮಿಸ್ಕೀನ್ ಸಾಬ
ಚರ್ಮದ ಸುರುಳಿ ಬಿಚ್ಚಿದ ನಮ್ಮ ಕಟ್ಟೀ ಮ್ಯಾಲ:
ಗುಂಡು ಕೀಳೋ ಚಿಮಟ, ಬಾಗಿದ ಸೂಜಿ,
ಎಲುಬು ಕೊಯ್ಯೋ ಗರಗಸ.
ಹಲ್ಲಿನ ಸಂದ್ಯಾಗ ಇನ್ನೂ ಏನೋ ಒಣಗಿತ್ತು.

"ಹಿಡಿಗೆ ಬೆಳ್ಳಿ ಬಳ್ಳಿ ಕೂಡಸು."
"ಕಾಲು ಕೊಯ್ಯಲಿಕ್ಕ ಹೂವ ಯಾಕ್ರಿ?"
"ಮಲಗಿದಾಂವ ನೋಡಲಿಕ್ಕ.
ನನ್ನ ಮಾರಿ ನೋಡಬಾರದು."

ಬೀದರ ಕೋಟೆಯ ಬಿಸಿಲು ಕಾಣದ ಮಣ್ಣು
ನವಸಾಗರದ ಜೋಡಿ ಕುದಿಸಿದೆ.
ಸತುವು ಕಪ್ಪಾತು, ಬೆಳ್ಳಿ ಉಳೀತು:
ಐದು ಎಸಳು, ಹಿಂದ ಒಂದು ಮೊಗ್ಗು.

ಎರಡು ದಂಡು ಹೋಗಿ ಬಂದ ಮ್ಯಾಲ
ದುರಸ್ತಿಗೆ ಬಂತು.
ಎಸಳು ಹಂಗ ಅದಾವ.
ಮೊಗ್ಗು ಇದ್ದಲ್ಲಿ ನುಣ್ಣನ ಕುಳಿ.
ಮಲಗಿದವರ ಕೈ ಅಲ್ಲಿಗೆ ಮುಟ್ಟಂಗಿಲ್ಲ.

ಕೇಳಲಿಲ್ಲ ನಾ.
ಸಾಬನ ಹೆಬ್ಬೆರಳು ನೋಡಿ
ಈ ಸಲ ತಂತಿ
ಜರಾ ದಪ್ಪಂದು ಆರಿಸಿದೆ.